ಹಾಡುಪೆಟ್ಟಿಗೆಯೂ ಹಳೆಯ ಗಣಕವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಮ್ಮ ನಾಲ್ಕು ಪಟ್ಟಣಗಳ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ, ಲಗ್ನಪತ್ರಿಕೆಗೆ ಅಕ್ಷರ ಜೋಡಿಸಿಕೊಡುವ, ಜೆರಾಕ್ಸ್ ತೆಗೆದುಕೊಡುವ ಕಿರಿದಾದ ಅಂಗಡಿಗಳೊಳಗೆ, ವಿಂಡೋಸ್ ಎಕ್ಸ್‌ಪಿ ಎಂಬ ವ್ಯವಸ್ಥೆಯಲ್ಲಿ ನಡೆಯುವ ಗಣಕಗಳು ಇಂದಿಗೂ ಅಪರೂಪವಲ್ಲ. ಅದನ್ನು ನಿರ್ಮಿಸಿದವರು 2014ರ ಏಪ್ರಿಲ್ 8ರಂದೇ ಅದರ ಪೋಷಣೆಯನ್ನು ಕೈಬಿಟ್ಟರೆಂಬುದು ನಿಜವಾದರೂ, ಪೇಜ್‌ಮೇಕರ್ ಮತ್ತು ನುಡಿ ಎಂಬ ಜೋಡಿ ಅದರಲ್ಲಿ ತಂಟೆಯಿಲ್ಲದೆ ದುಡಿಯುತ್ತಿರುವ ಪರ್ಯಂತ ಡಿಟಿಪಿಯವರು ಅದನ್ನು ಬಿಡುವ ಲಕ್ಷಣವಿಲ್ಲ. ಫೋನಿಗೆ ಅಂತರಜಾಲ ಅಗ್ಗವಾಗಿ ದೊರೆಯುವುದಕ್ಕೆ ಮುಂಚಿನ ವರ್ಷಗಳಲ್ಲಿ ನಮ್ಮ ಸೀಮೆಯ ಟ್ರ್ಯಾಕ್ಟರು, ಟೆಂಪೋ, ಆಟೋಗಳಿಗೆಲ್ಲ ಸಂಗೀತ ಸರಬರಾಜಾಗುತ್ತಿದ್ದುದೂ ಇಂಥ ಗಣಕಗಳಿಂದಲೇ. ಚಿಪ್ಪೊಂದನ್ನು ಮೇಜಿನ ಮೇಲಿಟ್ಟು, ‘ಹಳೇ ಕನ್ನಡ ಸ್ವಲ್ಪ, ತೆಲುಗು ಸ್ವಲ್ಪ, ದೇವರ ಹಾಡು ಮುಂದಕ್ಕೆ’ ಎಂದು ಹೇಳಿ, ಸಂತೆ ಮುಗಿಸಿಕೊಂಡು ಹಿಂದಿರುಗುವಷ್ಟರಲ್ಲಿ ಅದು ತುಂಬಿ ಸಿದ್ಧವಾಗಿರುತ್ತಿತ್ತು.

ಜೇಬಿನಲ್ಲಿಟ್ಟುಕೊಳ್ಳುವ ಹಾಡುಪೆಟ್ಟಿಗೆಯ ಗುಣವನ್ನು ನಿರ್ಣಯಿಸುವಾಗ ರಸಿಕರಾದವರು ಅದರ ಧ್ವನಿಯ ಮಾಧುರ್ಯವನ್ನೂ, ಹೆಡ್‌ಫೋನಿನ ಯೋಗ್ಯತೆಯನ್ನೂ, ಬ್ಯಾಟರಿಯ ಆಯುಸ್ಸನ್ನೂ ವಿಚಾರಿಸುವುದು ಲೋಕರೂಢಿಯಷ್ಟೆ. ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದು ಎಂಬುದು ನನ್ನ ಅಭಿಪ್ರಾಯ: ಕೇಬಲ್ ಚುಚ್ಚಿದ ಕ್ಷಣದಲ್ಲಿ ಆ ಪೆಟ್ಟಿಗೆ ತನ್ನನ್ನು ಗಣಕಕ್ಕೆ ಏನೆಂದು ಪರಿಚಯಿಸಿಕೊಳ್ಳುತ್ತದೆ? ತಾನೊಂದು ಬರಿಯ ಡಿಸ್ಕು, ತನ್ನಲ್ಲಿ ಯಾರು ಏನನ್ನು ಬೇಕಾದರೂ ಇಡಬಹುದು, ತೆಗೆಯಬಹುದು ಎಂದು ವಿನಯದಿಂದ ಹೇಳಿಕೊಳ್ಳುವ ಪೆಟ್ಟಿಗೆಗೆ ಗಣಕ ಹಳೆಯದಾದರೇನು, ಲಿನಕ್ಸ್ ಆದರೇನು, ಎಲ್ಲೆಡೆಯೂ ಆತಿಥ್ಯವುಂಟು. ತನಗೆ ನಿಯತನಾದ ಮಧ್ಯಸ್ಥನಿಲ್ಲದೆ ಮಾತನ್ನೇ ಆಡೆನೆಂಬ ಪೆಟ್ಟಿಗೆ ಎಷ್ಟೇ ಸುಸ್ವರವಾಗಿರಲಿ, ಆ ಮಧ್ಯಸ್ಥನು ವೃದ್ಧನಾದಂದು ತಾನೂ ಮೂಕವಾಗುತ್ತದೆ.

ಈ ಮಧ್ಯಸ್ಥಿಕೆಯ ಇತಿಹಾಸ ಸ್ವಲ್ಪ ಸ್ವಾರಸ್ಯವಾದದ್ದು. 1998ರಲ್ಲಿ ಅಮೆರಿಕದ ಡೈಮಂಡ್ ಸಂಸ್ಥೆಯವರು ಹೊರತಂದ ರಿಯೊ ಎಂಬ ಪೆಟ್ಟಿಗೆಯ ಒಟ್ಟು ಸಂಗ್ರಹಶಕ್ತಿ 32 ಮೆಗಾಬೈಟು. ಸಾಮಾನ್ಯವಾದ 128 ಕಿಲೋಬಿಟ್ಟಿನ ಎಂಪಿತ್ರೀ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಮೆಗಾಬೈಟು ನುಂಗುವುದರಿಂದ ಅದರಲ್ಲಿ ಅರ್ಧಗಂಟೆಯ ಸಂಗೀತ ಹಿಡಿಯುತ್ತಿತ್ತು. ಅಂದರೆ ನಮ್ಮ ವಿದ್ವಾಂಸರು ಮನಸ್ಸಿಟ್ಟು ಹಾಡಿದ ಒಂದು ತೋಡಿಗೂ ಅದು ಸಾಲದು. ಅದನ್ನು ಗಣಕಕ್ಕೆ ಸೇರಿಸುತ್ತಿದ್ದುದು ಮುದ್ರಣಯಂತ್ರಕ್ಕೆಂದು ಇಟ್ಟಿದ್ದ ಅಗಲವಾದ ದ್ವಾರದ ಮೂಲಕ. ಇಂಥದೊಂದು ವಸ್ತು ಮಾರುಕಟ್ಟೆಗೆ ಬರಲೇಕೂಡದೆಂದು ಧ್ವನಿಮುದ್ರಣ ಕಂಪನಿಗಳ ಸಂಘ ನ್ಯಾಯಾಲಯದ ಮೆಟ್ಟಿಲನ್ನೇರಿ 1999ರಲ್ಲಿ ಸೋತಿತು. ಆ ಸೋಲು ಸಂಭವಿಸದೆ ಇದ್ದಿದ್ದರೆ ಈ ಅಂಕಣಕ್ಕೆ ವಿಷಯವೇ ಇರುತ್ತಿರಲಿಲ್ಲವೇನೋ.

2001ರ ಅಕ್ಟೋಬರಿನಲ್ಲಿ ಬಂದ ಐಪಾಡ್ ಮೊದಲು ತನ್ನ ಮನೆಯ ಮ್ಯಾಕ್ ಗಣಕಗಳನ್ನು ಬಿಟ್ಟು ಬೇರೆ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. 2002ರಲ್ಲಿ ವಿಂಡೋಸಿನವರಿಗೂ ಒಂದು ಆವೃತ್ತಿ ದೊರೆಯಿತು. ಐಟ್ಯೂನ್ಸ್ ತಂತ್ರಾಂಶವೇ ವಿಂಡೋಸಿಗೆ ಬಂದದ್ದು 2003ರಲ್ಲಿ. ಐಪಾಡ್ ಡಿಸ್ಕಿನಂತೆ ತೆರೆದುಕೊಳ್ಳುವುದಿಲ್ಲವೆಂದು ಯಾರೂ ದೂರಲಾರರು, ಧಾರಾಳವಾಗಿ ತೆರೆದುಕೊಳ್ಳುತ್ತದೆ. ಆದರೆ ಫೋಲ್ಡರಿಗೆ ನಾವಾಗಿ ಎಳೆದುಹಾಕಿದ ಹಾಡು ಅದರ ಪಾಲಿಗೆ ಇಲ್ಲದ ಹಾಡು. ತನ್ನ ಗುಪ್ತ ಕಡತವೊಂದರಲ್ಲಿ ಐಟ್ಯೂನ್ಸ್ ಬರೆದಿಟ್ಟ ಪಟ್ಟಿಯನ್ನಲ್ಲದೆ ಅದು ಬೇರೇನನ್ನೂ ಓದದು. ಹಾಡುಗಳ ಹೆಸರುಗಳನ್ನೂ ನಾಲ್ಕಕ್ಷರದ ಅರ್ಥವಿಲ್ಲದ ಸಂಕೇತಗಳಾಗಿ ಮಾರ್ಪಡಿಸಿ ಸಾಲು ಫೋಲ್ಡರುಗಳಲ್ಲಿ ಅಡಗಿಸಿಡುತ್ತದೆ. ಶ್ರೀನಿವಾಸಪುರದ ಮಂಡಿಯಲ್ಲಿ ದಲ್ಲಾಳಿಯ ಚೀಟಿ ಬೀಳದ ತೋತಾಪುರಿ ರಾಶಿಗೆ ಕೊಳ್ಳುವವನು ಹೇಗೆ ಕೈಹಚ್ಚನೋ ಹಾಗೆ, ಪಟ್ಟಿಯಲ್ಲಿಲ್ಲದ ಕೀರ್ತನೆಗೆ ಐಪಾಡ್ ಬಾಯಿ ತೆರೆಯದು. ಲಿನಕ್ಸ್ ಬಳಸುವವರು ಆ ಪಟ್ಟಿಯ ರಹಸ್ಯವನ್ನು ಬಿಡಿಸಿ ಲಿಬ್‌ಜಿಪಾಡ್ ಎಂಬ ತಂತ್ರಾಂಶವನ್ನು ಕಟ್ಟಿಕೊಂಡರು. 2007ರ ಮಾದರಿಗಳಲ್ಲಿ ಪಟ್ಟಿಗೊಂದು ಮೊಹರನ್ನು ಒತ್ತಿ ಆ ದಾರಿಯನ್ನು ಮುಚ್ಚುವ ಯತ್ನವಾದಾಗ, ಆ ಮೊಹರನ್ನೂ ಬಹುಬೇಗ ಭೇದಿಸಿದರು. ಆದುದರಿಂದ ಮನೆಯ ಸಂದೂಕದಲ್ಲಿ ಹಳೆಯ ಐಪಾಡ್ ಕ್ಲಾಸಿಕ್ ಇದ್ದವರು ನಿರಾಶರಾಗಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮ್ಯಾಕಿನಲ್ಲಿ ಸಿದ್ಧಪಡಿಸಿದ ಐಪಾಡಿನ ಡಿಸ್ಕು ಮ್ಯಾಕಿನ ಸ್ವಂತ ಕ್ರಮದಲ್ಲಿರುವುದರಿಂದ ಲಿನಕ್ಸ್ ಅದನ್ನು ಸಾಧಾರಣವಾಗಿ ಓದುತ್ತದೆಯೇ ಹೊರತು ಅದರಲ್ಲಿ ಬರೆಯಲೊಪ್ಪದು, ವಿಂಡೋಸಿನಲ್ಲಿ ಸಿದ್ಧಪಡಿಸಿದ್ದರೆ ಅದು ಫ್ಯಾಟ್ 32 ಆಗಿರುವುದರಿಂದ ತಂಟೆಯಿಲ್ಲ.

ಸೋನಿಯವರ ಆರಂಭದ ಪೆಟ್ಟಿಗೆಗಳ ಕಥೆ ಇನ್ನೂ ಕಷ್ಟದ್ದು. ಎಂಪಿತ್ರೀಯನ್ನು ಅಟ್ರ್ಯಾಕ್ ಎಂಬ ತಮ್ಮದೇ ರೂಪಕ್ಕೆ ತಿರುಗಿಸಿಕೊಂಡು, ಸೋನಿಕ್‌ಸ್ಟೇಜ್ ಎಂಬ ತಂತ್ರಾಂಶದ ಕೈಯಿಂದಲೇ ಸ್ವೀಕರಿಸುವ ಆ ಸುಂದರ ವಸ್ತುಗಳನ್ನು ಯಾರಾದರೂ ಪುಕ್ಕಟೆಯಾಗಿ ಕೊಟ್ಟರೂ ಹಳೆಯ ಗಣಕದವರು ಕೈಮುಗಿದು ಹಿಂದಿರುಗಿಸುವುದು ಮೇಲು.

ಮೈಕ್ರೋಸಾಫ್ಟಿನವರು ರೂಪಿಸಿದ ಎಂಟಿಪಿ ಎಂಬ ಸಂಭಾಷಣಾಕ್ರಮ ಇವೆರಡಕ್ಕಿಂತ ಸೌಮ್ಯವಾದದ್ದು. ಅದರಲ್ಲಿ ಪೆಟ್ಟಿಗೆ ಡಿಸ್ಕಾಗಿ ತೋರದೆ, ಕಡತಗಳನ್ನು ತಾನೇ ಎಣಿಸಿ ಕೊಡುವ ಉಗ್ರಾಣಿಕನಂತೆ ವರ್ತಿಸುತ್ತದೆ. ಎಕ್ಸ್‌ಪಿಯಲ್ಲಿ ವಿಂಡೋಸ್ ಮೀಡಿಯಾ ಪ್ಲೇಯರಿನ 10ನೆಯ ಅಥವಾ ಅನಂತರದ ಆವೃತ್ತಿ ಇದ್ದರೆ ಅದು ಒದಗುತ್ತದೆ. ಲಿನಕ್ಸಿನಲ್ಲಿ ಲಿಬ್‌ಎಂಟಿಪಿ ಒದಗಿಸುತ್ತದೆ. ವಿಂಡೋಸ್ 98ರಲ್ಲಿ ಅದರ ಆಸೆಯನ್ನೇ ತೊರೆಯಬೇಕು. ಸ್ಯಾನ್‌ಡಿಸ್ಕಿನ ಸ್ಯಾನ್ಸಾ ಕ್ಲಿಪ್ ಎಂಬ ಬೆಂಕಿಪೊಟ್ಟಣದ ಗಾತ್ರದ ಪೆಟ್ಟಿಗೆಯನ್ನು ಬಲ್ಲವರು ಇಂದಿಗೂ ಹುಡುಕಿಕೊಂಡು ಹೋಗುವುದಕ್ಕೆ ಒಂದು ಕಾರಣ, ಎಂಟಿಪಿಯಾಗಿ ಮಾತನಾಡಬೇಕೋ ಬರಿಯ ಡಿಸ್ಕಾಗಿ ಮಾತನಾಡಬೇಕೋ ಎಂಬುದನ್ನು ಅದರ ಪಟ್ಟಿಯಲ್ಲಿ ನಾವೇ ಆರಿಸಬಹುದು ಎಂಬುದು. ಅದಕ್ಕಿಂತಲೂ ಹಿಂದಿನ ಕ್ರಿಯೇಟಿವ್ ಮ್ಯೂವೋ ಎಂಬುದಂತೂ ಸ್ವತಃ ಒಂದು ಪೆನ್ ಡ್ರೈವ್, ಕೇಬಲಿನ ಹಂಗೂ ಅದಕ್ಕಿಲ್ಲ, ಶಕ್ತಿಗೆ ಕಿರಾಣಿ ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್ಲು ಸಾಕು. ವಿಂಡೋಸ್ 98ಕ್ಕೆ ಇಂಥ ಡಿಸ್ಕನ್ನು ಗುರುತಿಸಲು ಪ್ರತ್ಯೇಕ ಡ್ರೈವರ್ ಬೇಕು. 2000 ಮತ್ತು ಅನಂತರದವುಗಳಿಗೆ ಅದು ಹುಟ್ಟಿನಿಂದಲೇ ಉಂಟು. ಹಳೆಯ ಯುಎಸ್‌ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್ಟು ಮಾತ್ರವಾದ್ದರಿಂದ, ನಾಲ್ಕು ಗಿಗಾಬೈಟಿನ ಚಿಪ್ಪು ತುಂಬಲು ಒಂದು ಗಂಟೆಗೂ ಮಿಕ್ಕ ಸಮಯ ಹಿಡಿಯುವುದನ್ನು ತಾಳಿಕೊಳ್ಳಬೇಕು.

ಇನ್ನು, ತುಂಬಬೇಕಾದ ಸಂಗೀತದ ವಿಚಾರ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿರುವ ಸೀಮೆಯಲ್ಲಿ ಬಾಳುತ್ತಿರುವ ನಮಗೆ, ‘ರಂಗವಿಠಲ’ ಎಂಬ ಅವರ ಅಂಕಿತದಿಂದ ಮೊದಲ್ಗೊಂಡು ದಾಸಸಾಹಿತ್ಯದ ದೀರ್ಘವಾದ ಶ್ರೇಣಿಯನ್ನು ಜೇಬಿನಲ್ಲಿರಿಸಿಕೊಳ್ಳುವ ಬಯಕೆ ಸಹಜವಾದದ್ದು. ಹಾಡಿನಿಂದ ಹಾಡಿಗೆ ಸಂಬಂಧವಿಲ್ಲದ ಸಂಗ್ರಹವಾದರೆ ಕ್ರಮ ಹೇಗಿದ್ದರೂ ನಡೆದೀತು. ಜಗನ್ನಾಥದಾಸರ ಹರಿಕಥಾಮೃತಸಾರದಂತಹ, ಮೂವತ್ತಕ್ಕೂ ಮಿಕ್ಕ ಸಂಧಿಗಳ ಗ್ರಂಥವನ್ನು ಕೇಳತೊಡಗಿದವರಿಗೆ ಒಂದನೆಯ ಸಂಧಿಯ ಬೆನ್ನಿಗೆ ಹತ್ತನೆಯದು ಬಂದರೆ ಆಗುವ ಸಂಕಟ ಅಷ್ಟಿಷ್ಟಲ್ಲ. ಈ ಸಂಕಟಕ್ಕೆ ಮೂಲ ಎರಡು. ಎಕ್ಸ್‌ಪಿ ತನ್ನ ಕಿಟಕಿಯಲ್ಲಿ 1, 2, 10 ಎಂದು ಸಂಖ್ಯೆಯ ಬೆಲೆಯನ್ನರಿತು ಜೋಡಿಸಿ ತೋರಿಸುತ್ತದೆ. ಹಲವು ಪೆಟ್ಟಿಗೆಗಳಿಗೆ ಆ ಜಾಣತನವಿಲ್ಲದೆ 1, 10, 11, 2 ಎಂದು ಅಕ್ಷರಕ್ರಮದಲ್ಲಿ ಓದುತ್ತವೆ. ಗಣಕದಲ್ಲಿ ನೆಟ್ಟಗಿದ್ದದ್ದು ಕಿವಿಗೆ ಸೊಟ್ಟಗಾಗುವುದು ಹೀಗೆ. 01, 02 ಎಂದು ಮುಂದೆ ಸೊನ್ನೆಯಿಟ್ಟು ಹೆಸರಿಸಿದರೆ ಇದಕ್ಕೆ ಪರಿಹಾರವಾಯಿತು. ಎರಡನೆಯ ಮೂಲ ಇದಕ್ಕಿಂತ ಗೂಢ. ಅಗ್ಗದ ಚೈನಾ ಪೆಟ್ಟಿಗೆಗಳೂ, ಆಟೋಗಳಲ್ಲಿ ಕೂಡಿಸಿರುವ ಸೆಟ್ಟುಗಳಲ್ಲಿ ಅನೇಕವೂ ಹೆಸರನ್ನು ನೋಡುವುದೇ ಇಲ್ಲ. ಯಾವ ಹಾಡು ಚಿಪ್ಪಿನ ಸೂಚಿಯಲ್ಲಿ ಮೊದಲು ಬರೆಯಲ್ಪಟ್ಟಿತೋ ಅದನ್ನೇ ಮೊದಲು ನುಡಿಸುತ್ತವೆ. ಎಕ್ಸ್‌ಪಿಯಲ್ಲಿ ಹಾಡುಗಳನ್ನೆಲ್ಲ ಒಟ್ಟಿಗೆ ಆರಿಸಿ ಎಳೆಯುವಾಗ ಬಾಣದ ಮೊನೆ ಯಾವ ಕಡತದ ಮೇಲಿದೆಯೋ ಅದರಿಂದಲೇ ನಕಲು ಆರಂಭವಾಗುವುದರಿಂದ, ಮೊದಲನೆಯ ಹಾಡನ್ನೇ ಹಿಡಿದು ಎಳೆಯಬೇಕೆಂಬ ಕೈಚಳಕ ಅನುಭವಿಗಳಾದ ಅಂಗಡಿಯವರಿಗೆ ಕರಗತವಾಗಿತ್ತು. ಲಿನಕ್ಸಿನವರಿಗೆ ಫ್ಯಾಟ್‌ಸಾರ್ಟ್ ಎಂಬ ಪುಟ್ಟ ತಂತ್ರಾಂಶವಿದ್ದು, ತುಂಬಿದ ಮೇಲೂ ಸೂಚಿಯನ್ನು ಒಂದೇ ಆಜ್ಞೆಯಿಂದ ಕ್ರಮಪಡಿಸಿಬಿಡುತ್ತದೆ. ಇಷ್ಟು ಉಪಯುಕ್ತವಾದ ವಸ್ತುವೊಂದು ಇಷ್ಟು ಮರೆಯಲ್ಲಿ ಉಳಿದಿರುವುದು ನನಗೆ ಆಶ್ಚರ್ಯ.

ಹೆಸರನ್ನು ಕನ್ನಡದಲ್ಲಿಯೇ ಬರೆಯಬೇಕೆಂಬ ಹಟ ನನ್ನದು. ಅದರ ಕಷ್ಟನಷ್ಟಗಳನ್ನೂ ಹೇಳಬೇಕು. ಫ್ಯಾಟ್ 32ರಲ್ಲಿ ಉದ್ದವಾದ ಹೆಸರುಗಳು ಯೂನಿಕೋಡಿನಲ್ಲಿಯೇ ಇರುವುದರಿಂದ ಕನ್ನಡದ ಹೆಸರಿಗೆ ಚಿಪ್ಪಿನಲ್ಲಿ ಸ್ಥಳದ ಅಭಾವವಿಲ್ಲ. ಎಕ್ಸ್‌ಪಿ ತುಂಗಾ ಎಂಬ ಅಕ್ಷರರೂಪದೊಡನೆ ಬಂದು ಅದನ್ನು ಓದಿತು. ಅದಕ್ಕೆ ಹಿಂದಿನ ವಿಂಡೋಸ್ 2000 ದೇವನಾಗರಿ ಮತ್ತು ತಮಿಳುಗಳನ್ನು ಬಲ್ಲದೇ ಹೊರತು ಕನ್ನಡವನ್ನಲ್ಲ. ನುಡಿಯ ಹಳೆಯ ಕ್ರಮದಲ್ಲಿ ಬೆರಳಚ್ಚಿಸಿದ ಹೆಸರಿನ ಗತಿಯಂತೂ ಹಾಸ್ಯಾಸ್ಪದ: ‘ಕನ್ನಡ’ ಎಂಬುದೇ ಇಂಗ್ಲಿಷಿನ ಪಿ, ಪೌಂಡ್ ನಾಣ್ಯದ ಚಿಹ್ನೆ, ಜರ್ಮನರ ಒಂದಕ್ಷರ, ಕ್ಯೂ, ಇವುಗಳ ನಡುನಡುವೆ ತಲೆಯ ಮೇಲೆ ಗೆರೆಯೆಳೆದ ಎ, ಹೀಗೆ ಒಂದು ವಿಚಿತ್ರ ಮೆರವಣಿಗೆಯಾಗಿ ಕಾಣಿಸಿಕೊಳ್ಳುತ್ತದೆ. ಹಳೆಯ ಲಿನಕ್ಸುಗಳಲ್ಲಿಯೂ ಚಿಪ್ಪನ್ನು ಜೋಡಿಸುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ತಿಳಿಸದಿದ್ದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿದ್ದವು. ಇಷ್ಟೆಲ್ಲ ದಾಟಿ ಪೆಟ್ಟಿಗೆಯನ್ನು ಸೇರಿದ ಕನ್ನಡ, ಪೆಟ್ಟಿಗೆಯ ಕಿರುಪರದೆಯಲ್ಲಿ ಬಹುತೇಕ ಖಾಲಿ ಚೌಕಗಳ ಸಾಲಾಗಿ ನಿಲ್ಲುತ್ತದೆ, ಏಕೆಂದರೆ ನಮ್ಮ ಲಿಪಿಯ ಅಕ್ಷರರೂಪಗಳನ್ನು ಅದರೊಳಗೆ ಯಾರೂ ಇಟ್ಟಿಲ್ಲ. ಕಡತದ ಹೆಸರಿಗೆ ಮೊದಲು ಅಂಕಿ, ಬಳಿಕ ರೋಮನ್ ಲಿಪಿಯಲ್ಲಿ ಪಲ್ಲವಿಯ ಮೊದಲ ಪದ, ಹಾಡಿನೊಳಗಿನ ವಿವರಪಟ್ಟಿಯಲ್ಲಿ ಮಾತ್ರ ಕನ್ನಡ ಎಂಬ ರಾಜಿಗೆ ಕೊನೆಗೆ ನಾನು ಒಪ್ಪಿದ್ದೇನೆ. ಆ ವಿವರಪಟ್ಟಿಯನ್ನು ಹಲವು ಲಿನಕ್ಸ್ ತಂತ್ರಾಂಶಗಳು ಐಡಿತ್ರೀಯ 2.4ನೆಯ ಕ್ರಮದಲ್ಲಿ ಬರೆಯುತ್ತವೆ. ಎಕ್ಸ್‌ಪಿಗೆ ಅರ್ಥವಾಗುವುದು 2.3. ಎರಡೂ ಕಡೆ ಓಡಾಡುವವರು 2.3ನ್ನೇ ಆರಿಸಿಕೊಳ್ಳತಕ್ಕದ್ದು.

ಲಿನಕ್ಸ್ ಎಂದರೆ ಪಂಡಿತರ ಸೊತ್ತೆಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳು, ಕೇರಳ ಸರ್ಕಾರದ ಶಿಕ್ಷಣನೀತಿಯ ಫಲವಾಗಿ, ಗಣಕಪಾಠವನ್ನು ಕಲಿಯುತ್ತಿರುವುದೇ ಲಿನಕ್ಸಿನಲ್ಲಿ. ಅವರಿಗೆ ಸುಲಭವಾದದ್ದು ಕೋಲಾರದವರಿಗೆ ಕಠಿಣವಾಗಬೇಕಾದ ಕಾರಣವಿಲ್ಲ. ಹೊಸದಾಗಿ ಬಂದವರು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು: ನಕಲು ಮುಗಿಯಿತೆಂದು ಪರದೆ ತಿಳಿಸಿದಾಗಲೂ ಲಿನಕ್ಸ್ ಹಾಡುಗಳ ಒಂದಷ್ಟು ಭಾಗವನ್ನು ತನ್ನ ನೆನಪಿನಲ್ಲಿಯೇ ಇರಿಸಿಕೊಂಡು, ಬಿಡುವಾದಾಗ ಚಿಪ್ಪಿಗೆ ಬರೆಯುತ್ತಿರುತ್ತದೆ. ಅಷ್ಟರಲ್ಲಿ ಅವಸರದಿಂದ ಕೇಬಲ್ ಕಿತ್ತವರಿಗೆ ಕೊನೆಯ ನಾಲ್ಕಾರು ಹಾಡುಗಳು ಮೊಂಡಾಗಿ ದೊರೆಯುವುದರ ಜೊತೆಗೆ, ಒಮ್ಮೊಮ್ಮೆ ಸೂಚಿಯೇ ಕೆಟ್ಟು ಚಿಪ್ಪನ್ನು ಫಾರ್ಮ್ಯಾಟ್ ಹೊಡೆಯಬೇಕಾಗಿ ಬರುತ್ತದೆ. ಡಿಸ್ಕನ್ನು ಕಳಚು ಎಂದು ಆಜ್ಞಾಪಿಸಿ, ಅದು ಒಪ್ಪಿಗೆ ಕೊಡುವ ತನಕ ಕಾಯುವುದು ವಿಹಿತ. ಇನ್ನು 64 ಗಿಗಾಬೈಟಿನ ಚಿಪ್ಪುಗಳು ಎಕ್ಸ್‌ಫ್ಯಾಟ್ ಎಂಬ ಹೊಸ ಕ್ರಮದಲ್ಲಿ ಬರುತ್ತವೆ. ಎಕ್ಸ್‌ಪಿಗೆ ಅದನ್ನೋದಲು ಒಂದು ತೇಪೆ ಬೇಕು, ಹಳೆಯ ಪೆಟ್ಟಿಗೆಗಳಿಗೆ ಆ ತೇಪೆಯೂ ಇಲ್ಲ. 32 ಗಿಗಾಬೈಟಿಗೆ ಮೀರಿದ ಚಿಪ್ಪನ್ನು ಎಕ್ಸ್‌ಪಿ ತಾನಾಗಿ ಫ್ಯಾಟ್ 32ಕ್ಕೆ ತಿರುಗಿಸಲು ಒಪ್ಪದು. ಲಿನಕ್ಸ್ ಯಾವ ತಕರಾರೂ ಇಲ್ಲದೆ ಮಾಡಿಕೊಡುತ್ತದೆ. ಹಳೆಯ ಪೆಟ್ಟಿಗೆಗೆ ಹೊಸ ಚಿಪ್ಪನ್ನು ಒಗ್ಗಿಸುವ ಕಾರ್ಯದಲ್ಲಿ ಲಿನಕ್ಸಿಗೆ ಸಮನಾದದ್ದು ಬೇರೊಂದಿಲ್ಲವೆಂದೇ ಹೇಳಬೇಕು.

ಪೆಟ್ಟಿಗೆಯೊಳಗಿನ ವ್ಯವಸ್ಥೆಯನ್ನೇ ಬದಲಿಸಿಬಿಡುವ ಸಾಹಸಿಗಳಿಗೆ ರಾಕ್‌ಬಾಕ್ಸ್ ಉಂಟು. ಆರ್ಕೋಸ್ ಎಂಬ ಪೆಟ್ಟಿಗೆಯ ಸ್ವಂತ ತಂತ್ರಾಂಶದಿಂದ ಬೇಸತ್ತ ಸ್ವೀಡನ್ನಿನ ಕೆಲವರು 2001ರ ಸುಮಾರಿಗೆ ಆರಂಭಿಸಿದ ಈ ಸ್ವತಂತ್ರ ಕೃತಿ ಅನಂತರ ಐಪಾಡಿನ ಅನೇಕ ಮಾದರಿಗಳಿಗೂ ಸ್ಯಾನ್ಸಾ ಕ್ಲಿಪ್ಪಿಗೂ ವಿಸ್ತರಿಸಿತು. ಅದನ್ನು ಪ್ರತಿಷ್ಠಾಪಿಸಿದ ಐಪಾಡಿಗೆ ಐಟ್ಯೂನ್ಸಿನ ಗುಪ್ತಪಟ್ಟಿ ಬೇಕಾಗಿಲ್ಲ. ಫೋಲ್ಡರಿಗೆ ಎಳೆದುಹಾಕಿದ ಹಾಡನ್ನು ಅದು ಹಾಗೆಯೇ ನುಡಿಸುತ್ತದೆ, ಫ್ಲ್ಯಾಕ್, ವಾರ್ಬಿಸ್ ಎಂಬ ರೂಪಗಳನ್ನೂ ಬಲ್ಲದು. ಶಾಸ್ತ್ರೀಯ ಸಂಗೀತವನ್ನು ಕೇಳುವವರು ಅದರಲ್ಲಿ ಮೆಚ್ಚಬೇಕಾದ ಗುಣವೊಂದಿದೆ. ರಾಗ ತಾನ ಪಲ್ಲವಿಯಂತಹ ದೀರ್ಘ ಪ್ರಸ್ತುತಿಯನ್ನು ಸಿಡಿಯಲ್ಲಿ ನಾಲ್ಕೈದು ತುಂಡುಗಳಾಗಿ ಗುರುತಿಸಿರುತ್ತಾರೆ. ಎಂಪಿತ್ರೀಗೆ ತಿರುಗಿಸುವಾಗ ಪ್ರತಿಯೊಂದು ತುಂಡಿನ ಹಿಂದುಮುಂದೆ ಕಿಂಚಿತ್ತು ಮೌನ ಸೇರಿಕೊಂಡು, ಆಲಾಪನೆ ತಾನಕ್ಕೆ ಇಳಿಯುವಲ್ಲಿ ಶ್ರುತಿಯೇ ತುಂಡಾದಂತೆ ಕೇಳುತ್ತದೆ. ಲೇಮ್ ಎಂಬ ಪರಿವರ್ತಕದಿಂದ ಮಾಡಿದ ಎಂಪಿತ್ರೀಯಲ್ಲಿ ಆ ಮೌನದ ಅಳತೆಯೂ ದಾಖಲಾಗಿರುವುದರಿಂದ ರಾಕ್‌ಬಾಕ್ಸ್ ಅದನ್ನು ಓದಿ ಅಷ್ಟನ್ನು ಕತ್ತರಿಸಿ, ತಂಬೂರಿಯ ನಾದ ಎಲ್ಲಿಯೂ ಕಡಿಯದಂತೆ ಮುಂದಿನ ತುಂಡಿಗೆ ಕೂಡಿಸುತ್ತದೆ. ಈ ಕಾರಣವೊಂದಕ್ಕಾಗಿಯೇ, ಹಳೆಯ ಸಾಮಾನಿನ ಅಂಗಡಿಯಲ್ಲಿ ಬ್ಯಾಟರಿ ಸತ್ತ ಐಪಾಡ್ ಕ್ಲಾಸಿಕ್ ಕಣ್ಣಿಗೆ ಬಿದ್ದರೆ, ಬೆಲೆಯ ವಿಷಯದಲ್ಲಿ ಹೆಚ್ಚು ಚೌಕಾಸಿ ಮಾಡದೆ ಮನೆಗೆ ತನ್ನಿರೆಂದು ಹೇಳುವೆನು. ಬ್ಯಾಟರಿ ಬದಲಾಯಿಸಿಕೊಡುವ ಕೈಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೂ ಸಿಗುತ್ತವೆ.