‘ಜನ ನೋಡ್ತಾರೆ’ ಅಂದ್ರೆ ಯಾವ ಜನ?

2018ರ ಫೆಬ್ರವರಿ ಕೊನೆಯ ವಾರ. ನಮ್ಮ ಆಫೀಸಿನ ಕ್ಯಾಂಟೀನ್ ಟೀವಿಯಲ್ಲಿ ಶ್ರೀದೇವಿ ಸಾವಿನ ಸುದ್ದಿ ಓಡ್ತಾ ಇತ್ತು. ಸುದ್ದಿ ಅನ್ನೋದೂ ತಪ್ಪು. ಆಕೆ ದುಬೈನ ಹೋಟೆಲಿನಲ್ಲಿ ತೀರಿಕೊಂಡದ್ದು 24ರ ರಾತ್ರಿ, ಅದು ಎಲ್ಲರಿಗೂ ಗೊತ್ತಾಗಿ ಎರಡು ದಿನ ಆಗಿತ್ತು. ಈಗ ತೆರೆ ತುಂಬ ಇದ್ದದ್ದು ಒಂದು ಬಾತ್‌ಟಬ್. ಗ್ರಾಫಿಕ್ಸಿನ ಟಬ್, ಅದರ ಪಕ್ಕ ಸೂಟು ಹಾಕಿಕೊಂಡು ನಿಂತ ನಿರೂಪಕ. ಇನ್ನೊಂದು ವಾಹಿನಿಯ ವರದಿಗಾರನಂತೂ ಟಬ್ಬಿನೊಳಗೇ ಮಲಗಿ ತೋರಿಸಿದ.

ಅದನ್ನು ಬರೀ ಅಸಭ್ಯ ಅಂತ ಬಯ್ದರೆ ಸಾಲದು, ಪತ್ರಿಕೋದ್ಯಮವಾಗಿಯೂ ಅದು ಸೊನ್ನೆ. ಸಾವು ಹೇಗಾಯ್ತು ಅನ್ನೋ ಪ್ರಶ್ನೆಗೆ ಉತ್ತರ ಇದ್ದದ್ದು ದುಬೈನ ಫೊರೆನ್ಸಿಕ್ ವರದಿಯಲ್ಲಿ, ಸ್ಟುಡಿಯೋದಲ್ಲಲ್ಲ. ಪ್ರಜ್ಞೆ ತಪ್ಪಿ, ಆಕಸ್ಮಿಕವಾಗಿ ಮುಳುಗಿ ಆದ ಸಾವು ಅಂತ ಹೇಳಿ ಅಲ್ಲಿನ ಅಧಿಕಾರಿಗಳು 27ಕ್ಕೆ ಪ್ರಕರಣ ಮುಗಿಸಿದರು. ಕಾಯೋದಕ್ಕೆ ಮೂರು ದಿನದ ತಾಳ್ಮೆ ಸಾಕಿತ್ತು. ಆ ಮೂರು ದಿನದಲ್ಲಿ ಆಕೆ ಕುಡಿದಿದ್ದರಾ, ಗಂಡ ಎಲ್ಲಿದ್ದರು, ಮುಖಕ್ಕೆ ಏನೇನು ಮಾಡಿಸಿಕೊಂಡಿದ್ದರು ಅಂತೆಲ್ಲ ಚರ್ಚೆ ಆಯ್ತು. ಅಮ್ಮನನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳ ಕೈಯಲ್ಲೂ ಫೋನ್ ಇರುತ್ತೆ ಅನ್ನೋದು ಯಾರಿಗೂ ಹೊಳೆಯಲಿಲ್ಲ.

ಕೇಳಿದರೆ ಸಿದ್ಧ ಉತ್ತರ: ‘ಜನ ನೋಡ್ತಾರೆ ಸ್ವಾಮಿ, ಅದಕ್ಕೇ ತೋರಿಸ್ತೀವಿ.’ ಕಳ್ಳನಿಗೊಂದು ಪಿಳ್ಳೆ ನೆವ. ಯಾವ ಜನ? ದೇಶದಲ್ಲಿ ಟೀವಿ ಇರೋ ಮನೆಗಳು ಸುಮಾರು 20 ಕೋಟಿ. 2020ರ ಹೊತ್ತಿಗೆ ರೇಟಿಂಗ್ ಅಳೆಯೋ ಬಾರ್ಕ್ ಸಂಸ್ಥೆಯ ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಅಂದರೆ ನಾಲ್ಕೂವರೆ ಸಾವಿರ ಮನೆಗೆ ಒಂದು. ಸ್ಯಾಂಪಲ್ ಲೆಕ್ಕವೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಆ ಮೀಟರಿಗೆ ಗೊತ್ತಾಗೋದು ಯಾವ ಚಾನೆಲ್ ಓಡ್ತಿದೆ, ಮನೆಯವರಲ್ಲಿ ಯಾರು ನೋಡ್ತಿದ್ದಾರೆ ಅನ್ನೋದಷ್ಟೇ. ಇಷ್ಟಪಟ್ಟು ನೋಡಿದ್ದು, ಅಸಹ್ಯಪಟ್ಟು ನೋಡಿದ್ದು ಎರಡೂ ಅದಕ್ಕೆ ಒಂದೇ. ಅಂಥ ಅಂಕಿಯನ್ನು ‘ಜನರ ಆಸೆ’ ಅಂತ ಓದೋದು ಸಂಪಾದಕರ ಆಯ್ಕೆ.

ಇನ್ನೊಂದು ಮಾತು. ಟಿಆರ್‌ಪಿ ತಿರುಚಿದ ಆರೋಪ ಬಂದ ಮೇಲೆ 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಸುದ್ದಿವಾಹಿನಿಗಳಿಗೆ ವಾರದ ರೇಟಿಂಗೇ ಬರ್ತಾ ಇರಲಿಲ್ಲ. ಕಿರುಚಾಟ ಕಮ್ಮಿ ಆಯ್ತಾ? ನನಗಂತೂ ವ್ಯತ್ಯಾಸ ಕಾಣಲಿಲ್ಲ. ನೆವ ಹೋದರೂ ಚಾಳಿ ಉಳಿದಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿ ಉಳೀತಿದ್ದೆ. ಆದರೆ ಆವತ್ತು ಟಬ್ಬಿನಲ್ಲಿ ಮಲಗಿದ ವರದಿಗಾರನ ವಿಡಿಯೋವನ್ನು ‘ಥೂ, ಇವರ ಜನ್ಮಕ್ಕಿಷ್ಟು’ ಅಂತ ಬರೆದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ನಾನೇ. ಅದನ್ನು ನೋಡದೇ ಇದ್ದವರೆಲ್ಲ ನೋಡಿದರು. ನಗೋ ಇಮೋಜಿಗಳು ಬಂದವು. ನಾನೂ ನಕ್ಕೆ. ಸತ್ತವರ ಮನೆ ಮುಂದೆ ನಿಂತು ನಗೋರನ್ನು ನಮ್ಮೂರಲ್ಲಿ ಏನಂತಾರೆ ಅಂತ ನನಗೆ ಗೊತ್ತಿಲ್ಲದೇ ಇಲ್ಲ.

ಹಾಗಂತ ‘ತಪ್ಪು ಎಲ್ಲರದ್ದೂ’ ಅಂತ ಸಮ ಪಾಲು ಮಾಡೋಕೂ ನಾನು ತಯಾರಿಲ್ಲ. ಟಬ್ ಬರೆಸಿದವರು, ಅದನ್ನು ಒಪ್ಪಿ ತೆರೆಗೆ ಬಿಟ್ಟವರು ಸಂಬಳ ತಗೊಂಡು ಮಾಡಿದ ಕೆಲಸ ಅದು. ದೊಡ್ಡ ಪಾಲು ಅವರದ್ದೇ. ನನ್ನ ಪಾಲು ಚಿಕ್ಕದು, ಆದರೆ ಅದು ಬೆಳೀತಿದೆ. ಟೀವಿ ಮುಂದೆ ಕೂತಾಗ ನಮ್ಮಲ್ಲಿ ಹೆಚ್ಚಿನವರು ಯಾವ ಲೆಕ್ಕಕ್ಕೂ ಇರಲಿಲ್ಲ. ಫೋನಿನಲ್ಲಿ ಸ್ಯಾಂಪಲ್ ಇಲ್ಲ, ಒತ್ತಿದ್ದೆಲ್ಲ ಲೆಕ್ಕಕ್ಕೆ ಬರುತ್ತೆ, ಸಿಟ್ಟಿನಿಂದ ಒತ್ತಿದ್ದೂ ಸೇರಿ.

ಅದಕ್ಕೇ ಈಗ ಬಯ್ಯೋದಕ್ಕೂ ಅಂಥ ಲಿಂಕ್ ಕಳಿಸೋದಿಲ್ಲ. ಯಾರಾದರೂ ಕಳಿಸಿದರೆ ತೆರೆಯೋದಿಲ್ಲ. ಹತ್ತರಲ್ಲಿ ಎರಡು ಸಲ ಸೋಲ್ತೀನಿ. ಸೋತ ದಿನ ‘ಮೀಡಿಯಾ ಸರಿಯಿಲ್ಲ’ ಅಂತ ಭಾಷಣ ಮಾಡೋದಿಲ್ಲ.