ಮೇಸ್ತ್ರಿಯ ಚೀಟಿ: ಒಂದು ವ್ಯಾಖ್ಯಾನ

ಚನ್ನರಾಯಪಟ್ಟಣದ ನಮ್ಮ ದೊಡ್ಡಮ್ಮನ ಮನೆ ಮೊದಲು ತೊಟ್ಟಿಮನೆಯಾಗಿತ್ತು. ಅಣ್ಣತಮ್ಮಂದಿರು ಪಾಲಾದಾಗ ಹಜಾರದ ನಡುವೆ ಗೋಡೆ ಎದ್ದಿತು. ಅದರಲ್ಲಿ ದೊಡ್ಡಮ್ಮನ ಪಾಲಿಗೆ ಉಳಿದದ್ದು ಬೀದಿಬಾಗಿಲಿನಿಂದ ಅಡುಗೆಮನೆವರೆಗಿನ ಒಂದು ಓಣಿ. ಮನೆಯವರೆಲ್ಲ ಅದನ್ನು ಪ್ಯಾಸೇಜು ಅನ್ನುತ್ತಾರೆ. ಅಗಲ ಮೂರಡಿ ಎರಡು ಇಂಚು. ದೊಡ್ಡಮ್ಮ ಈಗ ವಾಕರ್ ಹಿಡಿದು ನಡೆಯುವವರು. ಜಾಗ ಮಾಡಿಕೊಡಿ ಎಂದು ಕರೆಸಿದ ಮೇಸ್ತ್ರಿ ಟೇಪು ಹಿಡಿದು ಮನೆಯೆಲ್ಲ ಅಳೆದು, ಒಂದು ಚೀಟಿ ಬರೆದುಕೊಟ್ಟರು. ಹಳೇ ಮನೆಯಲ್ಲಿ ಬಾಳುವವರಿಗೆಲ್ಲ ಬೇಕಾದ ತಿಳಿವಳಿಕೆ ಅದರಲ್ಲಿದೆ. ಆದರೆ ಮೇಸ್ತ್ರಿಯ ಬರವಣಿಗೆ ಬಲು ಚುಟುಕು, ಬಿಡಿಸಿ ಹೇಳದಿದ್ದರೆ ಅರ್ಧ ತಪ್ಪಿಹೋಗುತ್ತದೆ.

“ಗೋಡೆ ಮುಟ್ಟಂಗಿಲ್ಲ. ಮೇಲೆ ಕಾಯಿ.”

ದೊಡ್ಡಮ್ಮನ ಮಗನಿಗೆ ಕೋಣೆ ಕಡೆಯ ಗೋಡೆ ಒಡೆಸುವ ಮನಸ್ಸಿತ್ತು. ಇಪ್ಪತ್ತು ಇಂಚು ದಪ್ಪದ ಮಣ್ಣಿನ ಗೋಡೆ ಅದು. ತೆಗೆದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಕಟ್ಟಿದರೆ ಒಂದಡಿಗೂ ಹೆಚ್ಚು ಸಿಗುತ್ತದೆ ಎಂಬ ಲೆಕ್ಕ. ಮೇಸ್ತ್ರಿ ಕೆಳಗೆ ನೋಡಲಿಲ್ಲ, ಮೇಲೆ ನೋಡಿದರು. ಅಟ್ಟದ ತೊಲೆಗಳೆಲ್ಲ ಒಂದು ತುದಿಯನ್ನು ಇದೇ ಗೋಡೆಯ ಮೇಲೆ, ಇನ್ನೊಂದನ್ನು ಪಾಲಿನ ಗೋಡೆಯ ಮೇಲೆ ಊರಿವೆ. ನಮ್ಮ ಸೀಮೆಯಲ್ಲಿ ಅಟ್ಟವೆಂದರೆ ಹಳೇ ಪಾತ್ರೆ ತುಂಬುವ ಜಾಗವಲ್ಲ. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ನೆರಳಲ್ಲಿ ಬಿಡುತ್ತಾರೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದಾದಾಗ ಅದು ಉಂಡೆ ಕೊಬ್ಬರಿ. ಏರಿಸುವಾಗ ಒಂದೊಂದು ಕಾಯಿ ಹೆಚ್ಚುಕಡಿಮೆ ಒಂದು ಕೆಜಿ ತೂಗುತ್ತದೆ. ಐದು ಸಾವಿರ ಕಾಯಿ ಏರಿಸಿದರೆ ಐದು ಟನ್ ಭಾರ ತೊಲೆಯ ಮೂಲಕ ಗೋಡೆಗೆ ಇಳಿಯುತ್ತದೆ. ಒಂದು ವರ್ಷದ ಆದಾಯ, ಅದರ ಕೆಳಗೆ ಓಡಾಡುವ ಜನ, ಎರಡನ್ನೂ ಹೊತ್ತ ಗೋಡೆ ಅದು. ಆ ಕಡೆಯ ಪಾಲಿನ ಗೋಡೆಯಂತೂ ಚಿಕ್ಕಪ್ಪನ ಮನೆಯವರಿಗೂ ಸೇರಿದ್ದು. ಗೋಡೆ ಒಡೆಯುವ ಮಾತೆತ್ತುವ ಮೊದಲು ಏಣಿ ಹಾಕಿ ಅಟ್ಟ ಹತ್ತಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

“ಬಾಗಿಲು ಎರಡು ಒಳಕ್ಕೆ ತಿರುಗಿಸೋದು. ಬಚ್ಚಲುದ್ದು ಬೇಡ.”

ಇಡೀ ಚೀಟಿಯಲ್ಲಿ ನನಗೆ ಹೆಚ್ಚು ಹಿಡಿಸಿದ ಸಾಲು ಇದು. ಓಣಿಗೆ ಮೂರು ಬಾಗಿಲುಗಳು ತೆರೆದುಕೊಳ್ಳುತ್ತವೆ. ಪಾಲಾದಾಗ ಅವಸರದಲ್ಲಿ ಕೂರಿಸಿದವು, ಮೂರೂ ಹೊರಕ್ಕೇ ತೆರೆಯುತ್ತವೆ. ಎರಡೂವರೆ ಅಡಿಯ ಬಾಗಿಲು ಮೂರಡಿ ಎರಡು ಇಂಚಿನ ಓಣಿಯಲ್ಲಿ ಅಡ್ಡ ನಿಂತರೆ ಉಳಿಯುವುದು ಎಂಟೇ ಇಂಚು. ಕೋಣೆಯಿಂದ ಯಾರಾದರೂ ಹೊರಬಂದರೆ ದೊಡ್ಡಮ್ಮ ವಾಕರ್ ಸಮೇತ ಹಿಂದಕ್ಕೆ ಹೆಜ್ಜೆ ಇಡಬೇಕು. ವಯಸ್ಸಾದವರು ಹೀಗೆ ಹಿಂದೆ ಸರಿಯುವಾಗ ಬೀಳುವ ಭಯವಿದೆ. ಎರಡು ಕೋಣೆಯ ಬಾಗಿಲನ್ನು ಒಳಕ್ಕೆ ತೆರೆಯುವಂತೆ ಮಾಡಿದರೆ ಒಂದು ಇಟ್ಟಿಗೆ ಕದಲಿಸದೆ ಓಣಿ ಪೂರ್ತಿ ಕೈಗೆ ಬರುತ್ತದೆ. ಬಡಗಿ ಚೌಕಟ್ಟಿನ ಒಳಬದಿಗೆ ಕಚ್ಚು ತೆಗೆದು ಕೀಲು ಬದಲಿಸಿದರೆ ಸಾಕು.

ಬಚ್ಚಲಿನದು ಯಾಕೆ ಬೇಡ? ಒಳಗೆ ಯಾರಾದರೂ ಜಾರಿ ಬಿದ್ದರೆ ದೇಹ ಬಾಗಿಲಿಗೇ ಅಡ್ಡವಾಗುತ್ತದೆ. ಒಳಕ್ಕೆ ತೆರೆಯುವ ಬಾಗಿಲನ್ನು ಆಗ ಹೊರಗಿನಿಂದ ತಳ್ಳುವಂತಿಲ್ಲ. ಅದು ಹೊರಕ್ಕೇ ತೆರೆಯಬೇಕು, ಆದರೆ ಓಣಿಯನ್ನೂ ನುಂಗಬಾರದು. ಅದಕ್ಕೆ ಎರಡು ರೆಕ್ಕೆಯ ಬಾಗಿಲು ಸರಿ: ಒಂದೊಂದು ರೆಕ್ಕೆ ಹದಿನೈದು ಇಂಚು, ತೆರೆದರೆ ಎರಡೂ ಗೋಡೆಗೆ ಒರಗಿ ನಿಲ್ಲುತ್ತವೆ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದಿರಲಿ.

“ಬೀರು ಎತ್ತೋದು. ಮುಚ್ಚಿದ ಗೂಡು ಬಿಚ್ಚೋದು. ಹೊಸ ಗೂಡು ಕೊರೆಯಂಗಿಲ್ಲ.”

ಹದಿನಾರು ಇಂಚು ಆಳದ ಕಬ್ಬಿಣದ ಬೀರು ಓಣಿಯಲ್ಲಿ ನಿಂತಿತ್ತು. ಪಕ್ಕದಲ್ಲಿ ಉಳಿದದ್ದು ಇಪ್ಪತ್ತೆರಡು ಇಂಚು, ವಾಕರ್‌ಗೆ ಎರಡಡಿಯಾದರೂ ಬೇಕು. ನೆಲದ ಮೇಲೆ ಕೂರುವ ಯಾವ ವಸ್ತುವೂ ಓಣಿಯ ಅಗಲವನ್ನೇ ತಿನ್ನುತ್ತದೆ. ಹಿಂದಿನವರು ಇದನ್ನು ಬಲ್ಲವರು. ದೀಪಕ್ಕೆ, ಚೊಂಬಿಗೆ, ಪಂಚಾಂಗಕ್ಕೆ ಗೋಡೆಯ ದಪ್ಪದೊಳಗೇ ಗೂಡು ಬಿಟ್ಟು ಕಟ್ಟುತ್ತಿದ್ದರು. ಇಲ್ಲಿಯ ಗೂಡುಗಳನ್ನು ಯಾರೋ ಇಟ್ಟಿಗೆ ತುಂಬಿ ಮುಚ್ಚಿ ಗಾರೆ ಬಳಿದಿದ್ದರು. ಮೇಸ್ತ್ರಿ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ ಸದ್ದು ಬದಲಾದಲ್ಲೆಲ್ಲ ಇದ್ದಿಲಿನಲ್ಲಿ ಗುರುತು ಹಾಕಿದರು. ಕಟ್ಟುವಾಗಲೇ ಬಿಟ್ಟ ಗೂಡಿನ ಮೇಲೆ ಹಲಗೆ ಕೂತಿರುತ್ತದೆ, ಅದು ಮೇಲಿನ ಭಾರವನ್ನು ಎರಡು ಪಕ್ಕಕ್ಕೆ ಹಂಚುತ್ತದೆ. ಈಗ ಹೊಸದಾಗಿ ಕೊರೆದ ಗೂಡಿಗೆ ಆ ಆಸರೆ ಇರುವುದಿಲ್ಲ, ಮಣ್ಣು ಉದುರುತ್ತ ಬಿರುಕು ಮೇಲಕ್ಕೆ ಓಡುತ್ತದೆ.

“ಸಿಮೆಂಟು ಕೆರೆದು ಸುಣ್ಣ.”

ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಗೋಡೆಯ ತೇವ ಹೊರಗೆ ಹೋಗಲು ದಾರಿಯಿಲ್ಲ. ಒಳಗೇ ನಿಂತು ಗಾರೆಯನ್ನು ಉಬ್ಬಿಸುತ್ತದೆ. ಒಂದರ ಮೇಲೊಂದು ಬಳಿದ ಪದರ ಒಂದೊಂದು ಬದಿಗೆ ಒಂದೂವರೆ ಇಂಚು ಕೂತಿತ್ತು. ಎರಡೂ ಬದಿ ಕೆರೆದರೆ ಮೂರು ಇಂಚಿನಲ್ಲಿ ಸುಣ್ಣದ ತೆಳುಗಾರೆಗೆ ಹೋದದ್ದು ಬಿಟ್ಟು ಮಿಕ್ಕಿದ್ದು ಲಾಭ. ಕೆಳಗಿನ ಅರ್ಧಕ್ಕೆ ಬಳಿದಿದ್ದ ಕಡುನೀಲಿ ಆಯಿಲ್ ಪೇಂಟೂ ಹೋಗುತ್ತದೆ. ಓಣಿ ಇಕ್ಕಟ್ಟಾಗಿ ಕಾಣಲು ಆ ಬಣ್ಣದ ಪಾಲೂ ಸಾಕಷ್ಟಿತ್ತು.

“ಅಟ್ಟ ಇಲ್ಲದ ಕಡೆ ಗಾಜಿನ ಹೆಂಚು ಮೂರು.”

ಅಡುಗೆಮನೆ ಹತ್ತಿರ ಅಟ್ಟ ಮುಗಿದು ಸೂರು ನೇರ ಕಾಣುತ್ತದೆ. ಅಲ್ಲಿರುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಮಾಡತೊಡಗಿದ ಬಗೆ. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವಂತೆ ಅಚ್ಚಿನಲ್ಲಿ ಬಂದದ್ದು. ಅದೇ ಅಳತೆಯ ಗಾಜಿನ ಹೆಂಚು ಸಿಗುವುದರಿಂದ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಆಯಿತು, ರೀಪು ಮುಟ್ಟಬೇಕಿಲ್ಲ. ಕೈಯಲ್ಲಿ ಮಾಡಿದ ನಾಡಹೆಂಚಾಗಿದ್ದರೆ ಇಷ್ಟು ಸಲೀಸಾಗುತ್ತಿರಲಿಲ್ಲ. ಕಾಯಿಯ ಮೇಲೆ ಬಿಸಿಲು ಬೀಳಬಾರದೆಂದೇ “ಅಟ್ಟ ಇಲ್ಲದ ಕಡೆ” ಎಂಬ ಮಾತು.

“ಮೀಟರ್ ನಾವು ಮುಟ್ಟಲ್ಲ.”

ಗೋಡೆಯಿಂದ ಮುಂದೆ ಚಾಚಿದ ಮೀಟರ್ ಬೋರ್ಡು ಭುಜಕ್ಕೆ ತಗಲುತ್ತದೆ ನಿಜ. ಆದರೆ ಸೀಲು ಒಡೆಯುವ ಹಕ್ಕು ಮೇಸ್ತ್ರಿಗೂ ಇಲ್ಲ, ಮನೆಯವರಿಗೂ ಇಲ್ಲ. ಹಾಸನ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಜಗಲಿಗೆ ಬದಲಿಸಿಕೊಡಿ ಎಂದು ಅರ್ಜಿ ಹಾಕಬೇಕು.

“ಒಳ ಹೊಸ್ತಿಲು ಕೆತ್ತೋದು, ಕೀಳಂಗಿಲ್ಲ. ಬೀದಿಬಾಗಿಲುದ್ದು ಇರಲಿ.”

ಒಳಬಾಗಿಲುಗಳ ಹೊಸ್ತಿಲು ವಾಕರ್‌ನ ಕಾಲಿಗೆ ತಡೆಯುತ್ತದೆ. ಪೂರ್ತಿ ಕಿತ್ತರೆ ಚೌಕಟ್ಟಿನ ಎರಡು ನಿಲುವುಗಳನ್ನು ಕೆಳಗೆ ಹಿಡಿದಿಡುವ ಮರವೇ ಹೋಗಿ, ಅವು ಕ್ರಮೇಣ ಕದಲುತ್ತವೆ. ಅದಕ್ಕೇ ಅರ್ಧ ಇಂಚು ಉಳಿಸಿ ಅಂಚನ್ನು ಓರೆಯಾಗಿ ಕೆತ್ತುವುದು. ಬೀದಿಬಾಗಿಲ ಹೊಸ್ತಿಲಿಗೆ ದೊಡ್ಡಮ್ಮ ಇವತ್ತಿಗೂ ಅರಿಶಿನ ಕುಂಕುಮ ಇಡುತ್ತಾರೆ, ಅದನ್ನು ಕೆತ್ತಲು ಅವರು ಒಪ್ಪಲಿಲ್ಲ, ಒಪ್ಪಿಸಲೂಬಾರದು. ಅದರ ಎತ್ತರ ನಾಲ್ಕು ಇಂಚು. ಇಳಿಜಾರಿಗೆ ಇಂಚಿಗೊಂದು ಅಡಿ ಎಂಬ ಲೆಕ್ಕದಲ್ಲಿ ಒಳಗೆ ನಾಲ್ಕಡಿ ಹಲಗೆ ಹಾಕಬಹುದು, ಹೊರಗೆ ಜಗಲಿಯಲ್ಲಿ ಅಷ್ಟು ಉದ್ದವಿಲ್ಲ. ಹೊರಗೆ ಇಳಿಯುವಾಗ ಯಾರಾದರೂ ವಾಕರ್ ದಾಟಿಸಿ ಕೊಡಬೇಕು, ದೊಡ್ಡಮ್ಮ ಹಿಡಿದುಕೊಳ್ಳಲು ಕಬ್ಬಿಣದ ಹಿಡಿ ಬೇಕು. ಆ ಹಿಡಿಯನ್ನು ಮಣ್ಣಿನ ಗೋಡೆಗೆ ಹೊಡೆದರೆ ನಿಲ್ಲದು. ಚೌಕಟ್ಟಿನ ಮರಕ್ಕೇ ಸ್ಕ್ರೂ ಹಾಕಬೇಕು, ದೊಡ್ಡಮ್ಮನನ್ನೇ ನಿಲ್ಲಿಸಿ, ಅವರ ಕೈ ತಾನಾಗಿ ಹೋಗುವ ಎತ್ತರ ನೋಡಿಕೊಂಡು.