ನಲ್ಲಿಯ ಮೂತಿಗೆ ಬಂದ ಕೀರ್ತಿ

2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದ್ದು ಎಲ್ಲರಿಗೂ ನೆನಪಿದೆ. ಆ ಮಾರ್ಚ್‌ನಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲು, ಕಚೇರಿಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು, ಶೇ. 60ರಿಂದ 85ರಷ್ಟು ನೀರು ಉಳಿಯುತ್ತದೆ ಎಂದಿತು. ಅಂದಿನಿಂದ ಮನೆಯಲ್ಲಿ ನೀರುಳಿಸುವುದೆಂದರೆ ನಲ್ಲಿಯ ಮೂತಿಗೊಂದು ಜಾಲರಿ ತಿರುಪುವುದು ಎಂಬ ನಂಬಿಕೆ ಬೇರೂರಿದೆ. ಆ ಜಾಲರಿಗೆ ಇಷ್ಟು ಕೀರ್ತಿ ಸಲ್ಲದು.

ಏರೇಟರ್ ಹರಿವನ್ನು ತಡೆದು ಗಾಳಿ ಬೆರೆಸುತ್ತದೆ. ಹರಿಯುವ ನೀರಿಗೆ ಕೈಯೊಡ್ಡುವ ಕಡೆ ಅದರ ಉಳಿತಾಯ ನಿಜ. ಹೋಟೆಲಿನ ವಾಷ್‌ಬೇಸಿನ್ನಿಗೆ ತಕ್ಕ ಸಾಧನವೇ. ಆದರೆ ನಮ್ಮ ಬಚ್ಚಲಲ್ಲಿ ನೀರು ಬೀಳುವುದು ಬಕೆಟ್ಟಿಗೆ. ನಿಮಿಷಕ್ಕೆ 12 ಲೀಟರ್ ಬಿಡುವ ನಲ್ಲಿಯಲ್ಲಿ 15 ಲೀಟರಿನ ಬಕೆಟ್ ಒಂದೂಕಾಲು ನಿಮಿಷದಲ್ಲಿ ತುಂಬುತ್ತದೆ. ಹರಿವನ್ನು 3 ಲೀಟರಿಗೆ ಇಳಿಸಿದರೆ ಐದು ನಿಮಿಷ ಬೇಕು. ಎರಡೂ ಸಲ ಖರ್ಚಾದದ್ದು 15 ಲೀಟರೇ. ಉಳಿದದ್ದು ಏನೂ ಇಲ್ಲ, ಹೋದದ್ದು ತಾಳ್ಮೆ. ಒತ್ತಡದ ಮಾತೂ ಇದೆ. ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರು ಮೊದಲೇ ಸಣ್ಣಗೆ ಬರುತ್ತದೆ. ಅಲ್ಲಿ ಕಡಿತಗೊಳಿಸಲು ಉಳಿದಿರುವುದೇ ಅಲ್ಪ. ಬೋರ್ ನೀರಾದರೆ ಸುಣ್ಣ ಕಟ್ಟಿ ಜಾಲರಿ ಮುಚ್ಚಿಕೊಳ್ಳುತ್ತದೆ. ಮನೆಯವರು ಬೇಸತ್ತು ಬಿಚ್ಚಿಡುತ್ತಾರೆ.

ಇದರ ಪಕ್ಕದಲ್ಲಿ, ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಬಡಾವಣೆಗಳ ಹೆಂಗಸರ ಕೆಲಸವನ್ನು ನೋಡಬೇಕು. ಮುಸುರೆ ಪಾತ್ರೆಗಳನ್ನು ಒಟ್ಟಿಗೆ ಉಜ್ಜಿಟ್ಟು, ಎರಡು ಬೋಗುಣಿ ನೀರಿನಲ್ಲಿ ಅದ್ದಿ ಜಾಲಿಸುತ್ತಾರೆ. ಮೊದಲು ಲೋಟ, ಆಮೇಲೆ ತಟ್ಟೆ, ಕೊನೆಗೆ ಎಣ್ಣೆ ಹತ್ತಿದ ಬಾಣಲೆ. ಈ ಕ್ರಮ ತಪ್ಪಿದರೆ ನೀರು ಬೇಗ ಕೆಡುತ್ತದೆ, ಮತ್ತೊಂದು ಬೋಗುಣಿ ಬೇಕಾಗುತ್ತದೆ. ಬಟ್ಟೆ ಹಿಂಡಿದ ಕೊನೆಯ ನೀರು ಮುಂದಿನ ಬಟ್ಟೆ ನೆನೆಹಾಕಲು. ಸೋಪಿನ ನೀರು ಕಕ್ಕಸಿಗೆ. ಅಕ್ಕಿ ತೊಳೆದದ್ದು ಗಿಡಕ್ಕೆ. ಒಂದೇ ನೀರು ಎರಡು ಮೂರು ಕೆಲಸ ಮಾಡುತ್ತದೆ. ಏರೇಟರಿನಿಂದ ಇದು ಎಂದೂ ಆಗದು, ಏಕೆಂದರೆ ಅದು ಬಂದ ನೀರನ್ನು ಹಿಡಿಯುವುದೇ ಇಲ್ಲ. ಇಷ್ಟು ನಾಜೂಕಾದ ಲೆಕ್ಕಾಚಾರವನ್ನು ನಾವು ಬಡತನದ ಗುರುತೆಂದು ಬದಿಗೆ ಸರಿಸಿದ್ದೇವೆ. ನಿಮಿಷಕ್ಕೆ ಎಂಟು-ಹತ್ತು ಲೀಟರ್ ಸುರಿಸುವ ಶವರಿನಡಿ ಹತ್ತು ನಿಮಿಷ ನಿಲ್ಲುವವರಿಗೆ ಜಾಗೃತಿಯ ಪಾಠ. ಚೊಂಬು ಹಿಡಿದು ಒಂದು ಬಕೆಟ್ ನೀರಿನಲ್ಲಿ ಮಿಂದೇಳುವವರಿಗೆ ಯಾವ ಮನ್ನಣೆಯೂ ಇಲ್ಲ.

ಇಲ್ಲಿ ಇನ್ನೊಂದು ಗುಂಪಿನ ಜೊತೆ ನನ್ನ ತಕರಾರಿದೆ. ದೇಶದ ನೀರಿನ ಸುಮಾರು ಶೇ. 80 ಬೇಸಾಯಕ್ಕೇ ಹೋಗುವಾಗ ಮನೆಯ ಚೊಂಬಿನ ಲೆಕ್ಕ ಯಾಕೆ ಎನ್ನುವ ಪಂಡಿತರ ಗುಂಪದು. ಅಂಕಿ ಸರಿ, ತೀರ್ಮಾನ ತಪ್ಪು. ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಐನೂರು ಮೀಟರಿನಷ್ಟು ಮೇಲೇರಿ ಬರುತ್ತದೆ. ಗದ್ದೆಯ ಕಾಲುವೆಯಲ್ಲಿ ಹರಿಯುವ ನೀರಿಗೂ ನಾಲ್ಕನೇ ಮಹಡಿಯ ಟ್ಯಾಂಕಿನಲ್ಲಿರುವ ನೀರಿಗೂ ಬೆಲೆ ಒಂದೇ ಅಲ್ಲ. ಮನೆಗೆ ಬಂದದ್ದರಲ್ಲಿ ಶೇ. 80ರಷ್ಟು ಕೊಳಚೆಯಾಗುತ್ತದೆಂದು ಎಂಜಿನಿಯರುಗಳೇ ಲೆಕ್ಕ ಹಾಕುತ್ತಾರೆ. ಅಂದರೆ ಮನೆಯಲ್ಲಿ ಉಳಿದ ಬಕೆಟ್ ಏರಿಸುವ ವಿದ್ಯುತ್ತನ್ನೂ ಶುದ್ಧೀಕರಿಸುವ ಖರ್ಚನ್ನೂ ಉಳಿಸುತ್ತದೆ. ರೈತರತ್ತ ಬೆರಳು ತೋರಿಸುವವರು ಈ ಎರಡು ಲೆಕ್ಕಗಳನ್ನು ಮುಟ್ಟುವುದೇ ಇಲ್ಲ. 2024ರ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಯೋಜನೆಯ ಐದನೇ ಹಂತ ಶುರುವಾದ ಮೇಲಂತೂ ಅವರಿಗೆ ಮಾತಾಡಲು ಇನ್ನಷ್ಟು ಧೈರ್ಯ ಬಂದಿದೆ.

ಕಡ್ಡಾಯ ಮಾಡಲೇಬೇಕಿದ್ದರೆ ಜಲಮಂಡಳಿ ಕಕ್ಕಸಿನಿಂದ ಶುರು ಮಾಡಬೇಕಿತ್ತು. ಹಳೆಯ ಫ್ಲಶ್ ಟ್ಯಾಂಕು ಒಂದು ಸಲ ಒತ್ತಿದರೆ ಹತ್ತು ಲೀಟರ್ ಕುಡಿಯುವ ನೀರು ಚರಂಡಿಗೆ. ಎರಡು ಗುಂಡಿಯ ಹೊಸದರಲ್ಲಿ ಮೂರು ಅಥವಾ ಆರು ಲೀಟರಿಗೆ ಕೆಲಸ ಮುಗಿಯುತ್ತದೆ. ಇಲ್ಲಿನ ಉಳಿತಾಯ ಯಾರ ತಾಳ್ಮೆಯನ್ನೂ ಬೇಡುವುದಿಲ್ಲ.